ಕೈಯಲ್ಲಿ ಹಿಂಡುವ ನಿಂಬೆ ಸ್ಕ್ವೀಜರ್: ಒಳ್ಳೆಯ ವಿನ್ಯಾಸ ಹೇಗಿರಬೇಕು?

ರೇಖಾಚಿತ್ರ (ಪ್ರಶ್ನೆ ಕೇಳಿದವರು)

ಮನೆಗೆ ನಿಂಬೆಹಣ್ಣು ಹಿಂಡುವ ಒಂದು ಸಾಧನ ನಾನೇ ಮಾಡಬೇಕು ಅಂತಿದ್ದೇನೆ. ಮೋಟಾರ್ ಬೇಡ, ಗೇರ್ ಬೇಡ, ಕೈಯಲ್ಲೇ ಆಗಬೇಕು. ಲೋಹದ ಕೆಲಸ ಬಲ್ಲ ಗೆಳೆಯನೊಬ್ಬ ಇದ್ದಾನೆ. ನಕ್ಷೆ ನನ್ನದು, ಕೆಲಸ ಅವನದು.

ಈಗ ನಮ್ಮಲ್ಲಿ ಇರುವುದು ಎರಡು ಹಿಡಿ, ತುದಿಯಲ್ಲಿ ಕೀಲು ಇರುವ ಮಾಮೂಲಿ ಸ್ಕ್ವೀಜರ್. ಅಮ್ಮನಿಗೆ ಬೆರಳ ಗಂಟುಗಳಲ್ಲಿ ನೋವಿದೆ. ಹಣ್ಣು ಇಟ್ಟು ಹಿಡಿ ತೆರೆದಾಗ ಅದು ಅವರ ಒಂದು ಕೈಗೆ ಸಿಗುವುದೇ ಇಲ್ಲ. ಹೇಗೋ ಹಿಡಿದರೂ ಕೊನೆಯಲ್ಲಿ ಒತ್ತಲು ಆಗುವುದಿಲ್ಲ, ರಸ ಸಿಪ್ಪೆಯಲ್ಲೇ ಉಳಿಯುತ್ತದೆ. ಮೇಲಾಗಿ ಪಕ್ಕದಿಂದ ಚಿಮ್ಮಿ ಮಣಿಕಟ್ಟಿನವರೆಗೂ ಇಳಿಯುತ್ತದೆ.

ಕೀಲಿನದ್ದು ಒಳ್ಳೆಯದೋ, ಹಣ್ಣನ್ನು ಒತ್ತಿ ತಿರುಗಿಸುವ ಶಂಕುವಿನದ್ದೋ? ಯಾವ ಲೋಹ? ಹಿಡಿ ಎಷ್ಟು ಉದ್ದ? ಮಾಡಿ ನೋಡಿದವರು, ಬಳಸಿ ಬೇಸತ್ತವರು ಎಲ್ಲರೂ ಹೇಳಿ.

ಸಿಪ್ಪೆಸಮೇತ

ಅದಕ್ಕೂ ಮುಂಚೆ ಒಂದು ಪ್ರಶ್ನೆ. ಹಣ್ಣನ್ನು ಯಾವ ಮುಖ ಕೆಳಗೆ ಮಾಡಿ ಇಡುತ್ತೀರಿ?

ರೇಖಾಚಿತ್ರ

ಕೊಯ್ದ ಮುಖ ಕೆಳಗೆ, ತೂತುಗಳ ಕಡೆಗೆ. ಅಮ್ಮನೂ ಹಾಗೇ ಇಡುತ್ತಾರೆ.

ಬೆಳಗಿನಜಾವ

ಅದ್ಯಾಕೆ? ಬಟ್ಟಲು ಗುಂಡಗಿದೆ, ಹಣ್ಣಿನ ಬೆನ್ನೂ ಗುಂಡಗಿದೆ. ಬೆನ್ನು ಕೆಳಗೆ ಇಟ್ಟರೆ ತಾನೇ ಅಚ್ಚುಕಟ್ಟಾಗಿ ಕೂರುವುದು? ನಮ್ಮ ಮನೆಯಲ್ಲಿ ಎಲ್ಲರೂ ಹಾಗೇ ಇಡುತ್ತೇವೆ.

ಸಿಪ್ಪೆಸಮೇತ

ಕೂರುತ್ತದೆ, ನಿಜ. ಆದರೆ ಹಾಗೆ ಇಟ್ಟರೆ ತೂತುಗಳನ್ನೆಲ್ಲ ಸಿಪ್ಪೆಯೇ ಮುಚ್ಚಿಬಿಡುತ್ತದೆ. ರಸಕ್ಕೆ ಕೆಳಗೆ ಇಳಿಯುವ ದಾರಿ ಇಲ್ಲ. ಮೇಲಿನ ಬಟ್ಟಲಿನ ಅಂಚಿನಿಂದ ಚಿಮ್ಮುತ್ತದೆ. ಕೊಯ್ದ ಮುಖ ಕೆಳಗಿದ್ದರೆ ಮೇಲಿನ ಉಬ್ಬು ಸಿಪ್ಪೆಯ ಬೆನ್ನನ್ನು ಒತ್ತುತ್ತದೆ. ಅರ್ಧ ಹಣ್ಣು ಒಳಗಿನದು ಹೊರಗಾಗಿ ಮಗುಚಿಕೊಳ್ಳುತ್ತದೆ. ತೊಳೆಗಳು ತೆರೆದುಕೊಂಡು ರಸ ನೇರ ತೂತಿಗೆ ಹೋಗುತ್ತದೆ. ಆ ಸಾಧನದ ಲೆಕ್ಕಾಚಾರವೇ ಅದು.

ನಾನು ಬಳಸುವವರನ್ನು ದೂರುವುದಿಲ್ಲ. ಬಟ್ಟಲಿನ ಆಕಾರವೇ ತಪ್ಪು ದಾರಿ ತೋರಿಸುತ್ತದೆ. ರೇಖಾಚಿತ್ರ ಅವರೇ, ಹೊಸದು ಮಾಡುವಾಗ ಇದನ್ನು ಮೊದಲು ಸರಿಪಡಿಸಿ. ನೋಡಿದ ಕೂಡಲೇ ಹಣ್ಣನ್ನು ಹೇಗೆ ಇಡಬೇಕು ಅಂತ ಗೊತ್ತಾಗಬೇಕು.

ಬೆಳಗಿನಜಾವ

ಸರಿ, ಆದರೆ ಸಿಪ್ಪೆ ಮಗುಚಿಕೊಂಡಾಗ ಅದರ ಎಣ್ಣೆಯೂ ರಸಕ್ಕೆ ಸೇರುತ್ತದಲ್ಲ? ಆ ಘಾಟು ನನಗೆ ಇಷ್ಟ ಇಲ್ಲ.

ಸಿಪ್ಪೆಸಮೇತ

ಸ್ವಲ್ಪ ಸೇರುತ್ತದೆ. ನನಗಂತೂ ಅದೇ ಇಷ್ಟ. ಪರಿಮಳ ಇರುವುದೇ ಸಿಪ್ಪೆಯ ಎಣ್ಣೆಯಲ್ಲಿ. ಬೇಡ ಅಂದರೆ ಶಂಕು ಬಳಸಿ. ಅದು ಸಿಪ್ಪೆಯ ಹೊರಮೈಯನ್ನು ಅಷ್ಟು ಹಿಂಡುವುದಿಲ್ಲ.

ಮರದಶಂಕು

ಹೌದು, ಶಂಕುವೇ ಸರಿ! ಒಂದೇ ತುಂಡು. ಕೀಲು ಇಲ್ಲ, ಪಿನ್ನು ಇಲ್ಲ, ಸಡಿಲ ಆಗುವುದು ಇಲ್ಲ. ಮೊನೆ, ಸುತ್ತಲೂ ಏಣುಗಳು, ಹಿಂದೆ ಒಂದು ಹಿಡಿ. ನಿಂಬೆಗೂ ಆಗುತ್ತದೆ, ಕಿತ್ತಳೆಗೂ ಆಗುತ್ತದೆ. ಕೀಲಿನ ಬಟ್ಟಲಿಗೆ ದೊಡ್ಡ ಹಣ್ಣು ಹಿಡಿಸುವುದೇ ಇಲ್ಲ. ತೊಳೆಯಲು ನೀರಿನ ಕೆಳಗೆ ಹಿಡಿದರೆ ಮುಗಿಯಿತು. ಇದಕ್ಕಿಂತ ಸರಳ ಯಾವುದಿದೆ?

ಅಡುಗೆಮನೆಕಿಟಕಿ

ಬೆರಳ ಗಂಟು ನೋವು ಇರುವವರಿಗೆ ಶಂಕು ಹೇಳುತ್ತಿದ್ದೀರಲ್ಲ, ಪ್ರಶ್ನೆ ಪೂರ್ತಿ ಓದಿದಿರಾ? ಒಂದು ಕೈಯಲ್ಲಿ ಒದ್ದೆ ಹಣ್ಣನ್ನು ಬಿಗಿಯಾಗಿ ಹಿಡಿಯಬೇಕು. ಇನ್ನೊಂದು ಕೈಯಲ್ಲಿ ಒತ್ತುತ್ತಾ ತಿರುಗಿಸಬೇಕು. ಬಿಗಿ ಹಿಡಿತ, ಮಣಿಕಟ್ಟಿನ ತಿರುಚು, ಎರಡೂ ಒಟ್ಟಿಗೆ. ನೋವಿರುವ ಕೈಗೆ ಕಷ್ಟವಾಗುವುದೇ ಅದು. ನನ್ನ ಅತ್ತೆಗೆ ಸಂಧಿವಾತ ಇದೆ. ಡಬ್ಬಿಯ ಮುಚ್ಚಳ ತಿರುಗಿಸಲೂ ಅವರಿಗೆ ಆಗುವುದಿಲ್ಲ.

ಮರದಶಂಕು

ಓದಿದ್ದೇನೆ. ತಟ್ಟೆಗೆ ಅಂಟಿಸಿದ ಶಂಕು ಇರುತ್ತದಲ್ಲ, ಗಾಜಿನದ್ದು, ಅದನ್ನು ಮೇಜಿನ ಮೇಲೆ ಇಟ್ಟು ಅಂಗೈಯಿಂದ ಒತ್ತಬಹುದು. ಬೆರಳು ಮಡಚುವ ಅಗತ್ಯ ಕಡಿಮೆ. ಏಣುಗಳು ಚೂಪಾಗಿದ್ದರೆ ಜಾಸ್ತಿ ತಿರುಗಿಸುವುದೂ ಬೇಡ. ಒಂದೇ ದಿಕ್ಕಿಗೆ ಸುತ್ತಬಾರದು. ಅತ್ತ ಸ್ವಲ್ಪ, ಇತ್ತ ಸ್ವಲ್ಪ. ಏಣಿನ ಎರಡೂ ಬದಿಗೆ ತೊಳೆಯ ಪೊರೆ ಸಿಕ್ಕಿ ಹರಿಯುತ್ತದೆ. ಇನ್ನೊಂದು ಮಾತು: ಮೊಂಡು ಏಣಿನ ಶಂಕು ಮಾರಾಟ ಮಾಡುವುದು ನಿಲ್ಲಬೇಕು. ಅದು ತಿರುಳನ್ನು ಸುಮ್ನೆ ಉಜ್ಜುತ್ತದೆ, ಒಡೆಯುವುದಿಲ್ಲ.

ಎಡಗೈ

ತಟ್ಟೆಯ ಶಂಕುವಿಗೆ ಒಂದು ಪಕ್ಕ ಹಿಡಿ, ಅದರ ಬಲಕ್ಕೋ ಎಡಕ್ಕೋ ರಸ ಸುರಿಯುವ ಮೂತಿ ಇರುತ್ತದೆ. ಬಹುತೇಕ ಬಲಗೈಯವರಿಗೆ ತಕ್ಕ ಹಾಗೆ. ನಾನು ಸುರಿಯಬೇಕಾದರೆ ಕೈ ತಿರುಚಬೇಕು. ಮೂತಿ ಮಾಡುವುದಾದರೆ ಎರಡೂ ಕಡೆ ಮಾಡಿ. ಇಲ್ಲವಾದರೆ ಹಿಡಿಗೆ ನೇರ ಎದುರು ಮಾಡಿ.

ಸಿಪ್ಪೆಸಮೇತ

ಎಡಗೈ ಅವರ ಮಾತು ಸರಿ. ಕೀಲಿನದ್ದರಲ್ಲಿ ಈ ತೊಂದರೆ ಇಲ್ಲ.

ಭೌತಶಾಸ್ತ್ರದಮೇಷ್ಟ್ರು

ಹಿಡಿಯ ಉದ್ದದ ಬಗ್ಗೆ ಯಾರೂ ಹೇಳಲಿಲ್ಲ. ಮೂಲ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಕೀಲಿನ ಸ್ಕ್ವೀಜರ್ ಎರಡನೇ ವರ್ಗದ ಸನ್ನೆ. ಒಂದು ತುದಿಯಲ್ಲಿ ಕೀಲು, ನಡುವೆ ಹಣ್ಣು, ಇನ್ನೊಂದು ತುದಿಯಲ್ಲಿ ಕೈ. ಒಂಟಿ ಚಕ್ರದ ಕೈಗಾಡಿಯೂ ಇದೇ ವರ್ಗ. ಕೀಲಿನಿಂದ ಹಣ್ಣಿನ ನಡುವಿಗೆ 3.5 ಸೆಂ.ಮೀ., ಕೈಗೆ 17.5 ಸೆಂ.ಮೀ. ಇದೆ ಅಂದುಕೊಳ್ಳಿ. ಆಗ ಬಲ 5 ಪಟ್ಟು. ಕೈ 10 ಕೆಜಿಯಷ್ಟು ಒತ್ತಿದರೆ ಹಣ್ಣಿಗೆ 50 ಕೆಜಿಯಷ್ಟು ಬೀಳುತ್ತದೆ. ಹಾಗಾದರೆ ಹಿಡಿ ಉದ್ದ ಮಾಡುತ್ತಾ ಹೋದರೆ ಆಯಿತಲ್ಲ ಅನಿಸುತ್ತದೆ. ಆದರೆ ಬಲ ಎಷ್ಟು ಪಟ್ಟು ಹೆಚ್ಚುತ್ತದೋ ಕೈ ಅಷ್ಟೇ ಪಟ್ಟು ದೂರ ಚಲಿಸಬೇಕು. ಹಣ್ಣು 2.5 ಸೆಂ.ಮೀ. ಕುಗ್ಗಬೇಕಾದರೆ ಹಿಡಿ ಸುಮಾರು 12 ಸೆಂ.ಮೀ. ಮುಚ್ಚಬೇಕು. ಅಮ್ಮನ ಕೈಗೆ ತೆರೆದ ಹಿಡಿ ಸಿಗದಿರುವುದು ಇದಕ್ಕೇ.

ಇನ್ನೊಂದು ವಿಷಯ ಇನ್ನೂ ಮುಖ್ಯ. ಮುಷ್ಟಿಯ ಬಲ ಎಲ್ಲ ಅಂತರದಲ್ಲೂ ಒಂದೇ ಇರುವುದಿಲ್ಲ. ಹಿಡಿಗಳ ನಡುವೆ ಸುಮಾರು 5 ಸೆಂ.ಮೀ. ಇದ್ದಾಗ ಹೆಚ್ಚಿನವರ ಕೈ ಅತ್ಯಂತ ಬಲವಾಗಿ ಒತ್ತುತ್ತದೆ. ತೀರಾ ತೆರೆದರೂ ಬಲ ಕುಸಿಯುತ್ತದೆ, ತೀರಾ ಮುಚ್ಚಿದರೂ ಕುಸಿಯುತ್ತದೆ. ಈಗ ಹಣ್ಣಿನ ಕಡೆ ನೋಡಿ. ಮೊದಲು ಅದು ಮೆತ್ತಗಿರುತ್ತದೆ, ಹೆಚ್ಚು ಬಲ ಬೇಡ. ಕೊನೆಯಲ್ಲಿ, ಸಿಪ್ಪೆ ಮಡಚಿ ತಿರುಳು ಬಿಗಿಯಾದಾಗ, ಅತಿ ಹೆಚ್ಚು ಬಲ ಬೇಕು. ಅಗ್ಗದ ಸ್ಕ್ವೀಜರ್‌ಗಳಲ್ಲಿ ಸರಿಯಾಗಿ ಆ ಹೊತ್ತಿಗೆ ಎರಡು ಹಿಡಿಗಳು ಒಂದಕ್ಕೊಂದು ತಾಗಿರುತ್ತವೆ. ಹಣ್ಣು ಹೆಚ್ಚು ಬಲ ಕೇಳುವಾಗಲೇ ಕೈ ದುರ್ಬಲ ಆಗಿರುತ್ತದೆ.

ಆದ್ದರಿಂದ ಬಟ್ಟಲುಗಳು ಪೂರ್ತಿ ಕೂಡಿದಾಗಲೂ ಹಿಡಿಗಳ ನಡುವೆ 4ರಿಂದ 5 ಸೆಂ.ಮೀ. ಜಾಗ ಉಳಿಯಬೇಕು. ಹಿಡಿಯನ್ನು ಹೊರಕ್ಕೆ ಬಾಗಿಸಿದರೆ ಸಾಕು. ನಾನು ಒಂದೇ ಒಂದು ಬದಲಾವಣೆ ಮಾಡು ಅಂದರೆ ಇದನ್ನೇ ಮಾಡುತ್ತೇನೆ.

ಅಡುಗೆಮನೆಕಿಟಕಿ

ಮೇಷ್ಟ್ರೇ, ಹಿಡಿ ಹೊರಕ್ಕೆ ಬಾಗಿಸಿದರೆ ತೆರೆದಾಗ ಅಂತರ ಇನ್ನೂ ಜಾಸ್ತಿ ಆಗುವುದಿಲ್ಲವೇ?

ಭೌತಶಾಸ್ತ್ರದಮೇಷ್ಟ್ರು

ಆಗುತ್ತದೆ. ಶುರುವಿನಲ್ಲಿ ಎರಡು ಕೈ ಬೇಕಾಗುತ್ತದೆ. ಆದರೆ ಆಗ ಬಲ ಬೇಕಿಲ್ಲ, ಸುಮ್ನೆ ಕೂಡಿಸಿದರೆ ಸಾಕು. ಒಂದು ಕೈಯಲ್ಲೇ ಆಗಬೇಕು ಅಂದರೆ 5 ಪಟ್ಟಿನ ಬದಲು 3.5 ಪಟ್ಟಿಗೆ ಇಳಿಸಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಲೇತ್‌ಮನೆ

ನಾನು ಕೆಲಸಗಾರನ ಕಡೆಯಿಂದ ಹೇಳುತ್ತೇನೆ. ಮುರಿದ ಸ್ಕ್ವೀಜರ್‌ಗಳು ರಿಪೇರಿಗೆ ಬರುತ್ತಿರುತ್ತವೆ. ಮುರಿಯುವ ಜಾಗ ಒಂದೇ: ಬಟ್ಟಲು ಮುಗಿದು ಹಿಡಿ ಶುರುವಾಗುವ ಕತ್ತು. ಕೈ ಒಂದು ಕಡೆ, ಹಣ್ಣು ಇನ್ನೊಂದು ಕಡೆ, ಬಾಗಿಸುವ ಒತ್ತಡ ಜಾಸ್ತಿ ಬೀಳುವುದು ಅಲ್ಲೇ. ಅಂದ ಕಾಣಲಿ ಅಂತ ಅಲ್ಲೇ ಸಪೂರ ಮಾಡಿರುತ್ತಾರೆ. ಎರಕದ್ದಾದರೆ ಒಳಗೆ ಗಾಳಿಗುಳ್ಳೆ ಬೇರೆ ಇರುತ್ತದೆ. ಕತ್ತನ್ನು ದಪ್ಪ ಮಾಡಿ, ಮೂಲೆಯನ್ನು ಚೂಪಾಗಿ ಬಿಡಬೇಡಿ, ಉರುಟಾಗಿ ಸೇರಿಸಿ. ತಗಡಿನಲ್ಲಿ ಮಾಡುವುದಾದರೆ ಹಿಡಿಯ ಎರಡೂ ಅಂಚು ಮಡಚಿ.

ಇನ್ನು ಕೀಲು. ಮೇಷ್ಟ್ರ ಲೆಕ್ಕದಲ್ಲಿ ಹಣ್ಣಿಗೆ 50 ಕೆಜಿ ಬಿದ್ದರೆ ಕೀಲಿನ ಮೇಲೆ 40 ಕೆಜಿ ಎಳೆತ ಬರುತ್ತದೆ. 4 ಮಿ.ಮೀ. ಸ್ಟೀಲ್ ಪಿನ್ನಿಗೆ ಅದು ಏನೂ ಅಲ್ಲ. ಪಿನ್ನು ಮುರಿಯುವುದಿಲ್ಲ. ಪಿನ್ನು ಕೂರುವ ತೂತು ಸವೆಯುತ್ತದೆ. ತೂತು ಸವೆದರೆ ಮೇಲಿನ ಬಟ್ಟಲು ಪಕ್ಕಕ್ಕೆ ಓಲಾಡುತ್ತದೆ. ಓಲಾಡಿದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಂದು. ರಸ ಚಿಮ್ಮುವುದು ಆ ಸಂದಿನಿಂದ. ನಿಮ್ಮ ಮಣಿಕಟ್ಟಿಗೆ ಇಳಿಯುವ ರಸದ ಮೂಲ ಬಹುಶಃ ಇದೇ. ಕೀಲನ್ನು ಅಗಲ ಮಾಡಿ, ಕನಿಷ್ಠ 3 ಸೆಂ.ಮೀ. ಪಿನ್ನಿಗೆ ಎರಡೂ ತುದಿಯಲ್ಲಿ ಆಸರೆ ಇರಲಿ.

ರೇಖಾಚಿತ್ರ

ಲೇತ್‌ಮನೆ ಅವರೇ, ಈಗ ತಾನೇ ನಮ್ಮದನ್ನು ಅಲ್ಲಾಡಿಸಿ ನೋಡಿದೆ. ಮೇಲಿನ ಬಟ್ಟಲು ಚೆನ್ನಾಗಿಯೇ ಓಲಾಡುತ್ತದೆ. ಬಣ್ಣವೂ ಕಿತ್ತು ಬರುತ್ತಿದೆ. ಒಳಗೆ ಅಲ್ಯೂಮಿನಿಯಂ ಕಾಣುತ್ತದೆ. ಅದರಿಂದ ತೊಂದರೆ ಇದೆಯೇ?

ತುಕ್ಕುವೈರಿ

ಅಲ್ಯೂಮಿನಿಯಂ ಮೈಮೇಲೆ ತೆಳುವಾದ ಆಕ್ಸೈಡ್ ಪದರ ಇರುತ್ತದೆ. ಲೋಹವನ್ನು ಕಾಪಾಡುವುದು ಅದೇ. ಪಿಎಚ್ (ಹುಳಿ-ಕ್ಷಾರದ ಅಳತೆ, ಕಡಿಮೆ ಇದ್ದಷ್ಟೂ ಹುಳಿ) ಸುಮಾರು 4ರಿಂದ 8.5ರ ನಡುವೆ ಆ ಪದರ ಗಟ್ಟಿ ನಿಲ್ಲುತ್ತದೆ. ನಿಂಬೆರಸದ ಪಿಎಚ್ 2ರಿಂದ 2.6. ಪದರ ಕರಗುತ್ತದೆ, ಕೆಳಗಿನ ಲೋಹವೂ ನಿಧಾನವಾಗಿ ತಿನ್ನಲ್ಪಡುತ್ತದೆ. ಹಿಂಡಿದ ಕೂಡಲೇ ತೊಳೆದರೆ ಹೆಚ್ಚೇನೂ ಆಗದು. ಒದ್ದೆಯಾಗಿ ಬಿಟ್ಟರೆ ಮೈ ಬೂದಾಗಿ ಒರಟಾಗುತ್ತದೆ. ಡಿಶ್‌ವಾಶರ್‌ಗಂತೂ ಹಾಕಲೇಬೇಡಿ, ಅಲ್ಲಿನ ಕ್ಷಾರದ ಸಾಬೂನು ಅಲ್ಯೂಮಿನಿಯಂ ಅನ್ನು ಕಪ್ಪು ಮಾಡುತ್ತದೆ. ಆಹಾರಕ್ಕೆ ಬಣ್ಣದ ಚೂರು ಬೀಳುವುದೂ ಬೇಡ. ಇದನ್ನು ಬದಲಿಸಿ.

ಹೊಸದಕ್ಕೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಕಣ್ಣು ಮುಚ್ಚಿ ಹಾಕಬಹುದು. ಪಿನ್ನೂ ಸ್ಟೇನ್‌ಲೆಸ್ಸೇ ಇರಲಿ, ಸಾದಾ ಕಬ್ಬಿಣದ ಮೊಳೆ ಹೊಡೆದರೆ ಅಲ್ಲಿಂದಲೇ ತುಕ್ಕು ಶುರು. ಸತು ಲೇಪಿಸಿದ ತಗಡು ಬೇಡ, ಹುಳಿಗೆ ಸತು ಕರಗುತ್ತದೆ.

ಬೆಳಗಿನಜಾವ

ಪ್ಲಾಸ್ಟಿಕ್ ಆಗದೇ? ಹಗುರ ಇರುತ್ತದೆ, ನೋವಿನ ಕೈಗೆ ಒಳ್ಳೆಯದಲ್ವಾ?

ತುಕ್ಕುವೈರಿ

ಯಾವ ಪ್ಲಾಸ್ಟಿಕ್ ಅನ್ನುವುದು ಮುಖ್ಯ. ಸಿಪ್ಪೆಯ ಎಣ್ಣೆಯಲ್ಲಿ ಲಿಮೊನೀನ್ ಎಂಬ ಪದಾರ್ಥ ಜಾಸ್ತಿ. ಅದು ಪಾಲಿಸ್ಟೈರೀನ್ ಅನ್ನು ಕರಗಿಸುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯನ್ನು ಥರ್ಮೋಕೋಲ್ ಮೇಲೆ ಬಿಟ್ಟು ನೋಡಿ, ಕಣ್ಣೆದುರೇ ಗುಂಡಿ ಬೀಳುತ್ತದೆ. ಗಾಜಿನ ಹಾಗೆ ಕಾಣುವ ಗಟ್ಟಿ ಅಗ್ಗದ ಪ್ಲಾಸ್ಟಿಕ್ ಕೆಲವೊಮ್ಮೆ ಇದೇ ಪಾಲಿಸ್ಟೈರೀನ್. ಬರಬರುತ್ತಾ ಮಂಜಾಗಿ ಬಿರುಕು ಬಿಡುತ್ತದೆ. ಪಾಲಿಪ್ರೊಪಿಲೀನ್ ವಾಸಿ. ಆದರೆ 50 ಕೆಜಿ ಒತ್ತಡಕ್ಕೆ ಅದು ಬಾಗುತ್ತದೆ. ಶಂಕುವಿಗೆ ಆಗಬಹುದು, ಸನ್ನೆಗೆ ಬೇಡ.

ಹಳೇಕಾಗದ

ಸ್ವಲ್ಪ ಇತಿಹಾಸ. ಈ ವಸ್ತುವಿನ ಮೇಲೆ ಜನ ತಲೆ ಕೆಡಿಸಿಕೊಂಡಿದ್ದು ಇವತ್ತು ನಿನ್ನೆಯದಲ್ಲ. ಅಮೆರಿಕದಲ್ಲಿ 1860ರಲ್ಲೇ ಲೂಯಿಸ್ ಚಿಚೆಸ್ಟರ್ ನಿಂಬೆ ಹಿಂಡುವ ಸಾಧನಕ್ಕೆ ಪೇಟೆಂಟ್ ಪಡೆದರು. 1896ರ ಡಿಸೆಂಬರ್‌ನಲ್ಲಿ ಜಾನ್ ಥಾಮಸ್ ವೈಟ್ ಪಡೆದರು. ಆಫ್ರಿಕನ್ ಅಮೆರಿಕನ್ ಸಂಶೋಧಕರ ಪಟ್ಟಿಗಳಲ್ಲಿ ವೈಟ್ ಹೆಸರು ಇವತ್ತಿಗೂ ಕಾಣಿಸುತ್ತದೆ. ಕೆಲವು ಕಡೆ ಮೊದಲ ಸ್ಕ್ವೀಜರ್ ಅವರದ್ದೇ ಅಂತ ಬರೆದಿರುತ್ತಾರೆ. ಅದು ಸರಿಯಲ್ಲ, ಅವರದ್ದು ಸುಧಾರಿಸಿದ ವಿನ್ಯಾಸ. ಸುಧಾರಣೆಗೂ ಗೌರವ ಸಲ್ಲಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು 1990ರಲ್ಲಿ ವಿನ್ಯಾಸಕಾರ ಫಿಲಿಪ್ ಸ್ಟಾರ್ಕ್ ಇಟಲಿಯ ಅಲೆಸ್ಸಿ ಕಂಪನಿಗೆ ಮಾಡಿಕೊಟ್ಟ ಜ್ಯೂಸಿ ಸಾಲಿಫ್ ಎಂಬ ಸ್ಕ್ವೀಜರ್ ಎಲ್ಲರಿಗೂ ಗೊತ್ತಿರಬೇಕು. ಮೂರು ಉದ್ದನೆಯ ಕಾಲು, ಮೇಲೆ ಏಣಿನ ಶಂಕು, ಎತ್ತರ 29 ಸೆಂ.ಮೀ. ಕೆಳಗೆ ಲೋಟ ಇಟ್ಟು ಮೇಲೆ ಹಣ್ಣು ತಿರುಗಿಸುವುದು. ನ್ಯೂಯಾರ್ಕ್‌ನ ಮೋಮಾ ಸಂಗ್ರಹಾಲಯದಲ್ಲೂ ಇದೆ.

ಅಡುಗೆಮನೆಕಿಟಕಿ

ಅದರಲ್ಲಿ ಬೀಜ ತಡೆಯಲು ಏನೂ ಇಲ್ಲ. ಬೀಜ, ತಿರುಳು ಎಲ್ಲ ಸೀದಾ ಲೋಟಕ್ಕೆ. ಅದೂ ಎರಕದ ಅಲ್ಯೂಮಿನಿಯಂ. ಇದನ್ನು ಒಳ್ಳೆಯ ವಿನ್ಯಾಸ ಅಂತ ಹೇಗೆ ಒಪ್ಪುವುದು?

ಹಳೇಕಾಗದ

ಒಪ್ಪಲೇಬೇಕು ಅಂತ ನಾನು ಹೇಳುತ್ತಿಲ್ಲ. ಆದರೆ ಅದರಿಂದ ಕಲಿಯುವುದು ಇದೆ. ಲೋಟ ನೇರವಾಗಿ ಕೆಳಗೆ ಕೂರುತ್ತದೆ, ನಡುವೆ ಇನ್ನೊಂದು ಪಾತ್ರೆ ಬೇಡ. ರಸ ಏಣಿನ ಸಂದಿಯಲ್ಲಿ ಇಳಿದು ಕೆಳಗಿನ ಮೊನೆಯಿಂದ ಒಂದೇ ಕಡೆ ತೊಟ್ಟಿಕ್ಕುತ್ತದೆ. ರಸಕ್ಕೆ ಒಂದೇ ದಾರಿ ಕೊಡಬೇಕು ಅನ್ನುವ ವಿಚಾರ ಒಳ್ಳೆಯದೇ.

ಅಡುಗೆಮನೆಕಿಟಕಿ

ಅಲಂಕಾರಕ್ಕೆ ಸರಿ. ಅದೇ 1990ರಲ್ಲಿ ಆಕ್ಸೊ ಕಂಪನಿಯ ದಪ್ಪ ರಬ್ಬರ್ ಹಿಡಿಯ ಅಡುಗೆ ಸಾಮಾನುಗಳೂ ಬಂದವು. ಆ ಕಂಪನಿ ಕಟ್ಟಿದ ಸ್ಯಾಮ್ ಫಾರ್ಬರ್ ಅವರ ಹೆಂಡತಿ ಬೆಟ್ಸಿಗೆ ಕೈಯಲ್ಲಿ ಸಂಧಿವಾತ ಇತ್ತು, ಸಿಪ್ಪೆ ಹೆರೆಯುವ ಸಾಧನ ಹಿಡಿಯಲು ಕಷ್ಟ ಪಡುತ್ತಿದ್ದರು. ಅಲ್ಲಿಂದ ಹುಟ್ಟಿದ ಹಿಡಿ ಅದು. ರೇಖಾಚಿತ್ರ ಅವರೇ, ನಿಮ್ಮ ಅಮ್ಮನಿಗೆ ಬೇಕಾಗಿರುವುದು ಇಂಥ ಹಿಡಿ. ಸಪೂರ ಹಿಡಿಗೆ ಬೆರಳು ಜಾಸ್ತಿ ಮಡಚಬೇಕು. ದಪ್ಪ, ಸ್ವಲ್ಪ ಮೆತ್ತನೆಯ, ಜಾರದ ಹಿಡಿಗೆ ಅಷ್ಟು ಮಡಚಬೇಕಿಲ್ಲ.

ಬಿಸಿಲಕೋಲು

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ಹೇಳಬೇಕು. ಮಣಿಕಟ್ಟಿಗೆ ರಸ ಇಳಿಯುತ್ತದೆ ಅಂದಿರಲ್ಲ, ತೊಳೆಯದೆ ಬಿಸಿಲಿಗೆ ಹೋಗಬೇಡಿ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಫ್ಯುರಾನೊಕೌಮರಿನ್ ಎಂಬ ಪದಾರ್ಥಗಳಿವೆ. ಚರ್ಮದ ಮೇಲೆ ಇದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಕ್ಕೆ ಏಳಬಹುದು, ಕಲೆ ತುಂಬಾ ದಿನ ಉಳಿಯುತ್ತದೆ. ನನ್ನ ತಂಗಿಗೆ ಆಗಿತ್ತು. ಸೋರದ ಸ್ಕ್ವೀಜರ್ ಬರೀ ಸ್ವಚ್ಛತೆಯ ಮಾತಲ್ಲ.

ಎಡಗೈ

ಇದು ಗೊತ್ತೇ ಇರಲಿಲ್ಲ. ಧನ್ಯವಾದ.

ಮರದಶಂಕು

ಎಲ್ಲರೂ ಕೊನೆಯ ಹನಿಯವರೆಗೆ ಹಿಂಡುವ ಬಗ್ಗೆ ಮಾತಾಡುತ್ತಿದ್ದೀರಿ. ಕೊನೆಯ ಹನಿ ಬೇಕೇ? ಬಿಳಿ ಪದರ, ತೊಳೆಯ ಪೊರೆ ಜಜ್ಜಿದಷ್ಟೂ ಕಹಿ. ಕಿತ್ತಳೆಯಲ್ಲಿ ಇನ್ನೂ ಮೋಸ. ಹಿಂಡಿದಾಗ ಸಿಹಿ ಇರುತ್ತದೆ, ಇಟ್ಟರೆ ಕಹಿ ಆಗುತ್ತದೆ. ಪೊರೆಯಿಂದ ಬಂದ ಕಹಿಯಿಲ್ಲದ ಪದಾರ್ಥ ಹುಳಿರಸದಲ್ಲಿ ನಿಧಾನವಾಗಿ ಲಿಮೋನಿನ್ ಎಂಬ ಕಹಿ ಪದಾರ್ಥವಾಗಿ (ಎಣ್ಣೆಯ ಲಿಮೊನೀನ್ ಬೇರೆ) ಬದಲಾಗುತ್ತದೆ. ಬೀಜ ಒಡೆದರಂತೂ ಹೇಳುವುದೇ ಬೇಡ. ಹಿಡಿತವಾಗಿ ನಿಲ್ಲಿಸಲು ಆಗುವುದು ಶಂಕುವಿನಲ್ಲಿ ಮಾತ್ರ.

ಸಿಪ್ಪೆಸಮೇತ

ಕೀಲಿನದ್ದರಲ್ಲೂ ಆಗುತ್ತದೆ. ಬಟ್ಟಲುಗಳ ನಡುವೆ ಸಿಪ್ಪೆಯ ದಪ್ಪದಷ್ಟು ಜಾಗ ಬಿಟ್ಟು ಒಂದು ತಡೆ ಕೊಡಿ. ಅದಕ್ಕಿಂತ ಮುಂದೆ ಮುಚ್ಚಬಾರದು. ಬೀಜವೂ ಒಡೆಯುವುದಿಲ್ಲ. ತೂತು ಉರುಟಾಗಿ ಬೇಡ, ಉದ್ದನೆಯ ಸೀಳು ಮಾಡಿ. ಉರುಟು ತೂತಿನ ಮೇಲೆ ಒಂದು ಬೀಜ ಕೂತರೆ ತೂತು ಮುಚ್ಚಿಹೋಗುತ್ತದೆ. ಸೀಳಿನ ಮೇಲೆ ಕೂತರೆ ಪಕ್ಕದಲ್ಲಿ ಜಾಗ ಉಳಿಯುತ್ತದೆ.

ಬೆಳಗಿನಜಾವ

ಹಣ್ಣು ಕೊಯ್ಯುವುದು ಹೇಗೆ ಅಂತಲೂ ಹೇಳಿ. ನಾವು ತೊಟ್ಟಿನಿಂದ ತುದಿಗೆ ಉದ್ದಕ್ಕೆ ಕೊಯ್ಯುತ್ತೇವೆ.

ಸಿಪ್ಪೆಸಮೇತ

ಅಡ್ಡಕ್ಕೆ ಕೊಯ್ಯಿರಿ. ಎಲ್ಲ ತೊಳೆಗಳೂ ತೆರೆದುಕೊಳ್ಳುತ್ತವೆ. ಉದ್ದಕ್ಕೆ ಕೊಯ್ದರೆ ಒಂದೆರಡು ತೊಳೆ ಮಾತ್ರ ಕತ್ತರಿಸುತ್ತದೆ, ಉಳಿದವು ಪೊರೆಯೊಳಗೇ ಮುಚ್ಚಿಕೊಂಡಿರುತ್ತವೆ. ಫ್ರಿಜ್‌ನಿಂದ ತೆಗೆದ ಹಣ್ಣನ್ನು ಸ್ವಲ್ಪ ಹೊತ್ತು ಹೊರಗೆ ಇಟ್ಟು, ಅಂಗೈಯಲ್ಲಿ ಒತ್ತಿ ಉರುಳಿಸಿ ಕೊಯ್ದರೆ ಬೇಕಾಗುವ ಬಲವೂ ಕಡಿಮೆ.

ರೇಖಾಚಿತ್ರ

ತುಂಬಾ ವಿಷಯ ಸಿಕ್ಕಿತು. ಓದುತ್ತಾ ಒಂದು ಯೋಚನೆ ಬಂತು. ಮುಷ್ಟಿಯನ್ನೇ ಯಾಕೆ ಬಳಸಬೇಕು? ಕೆಳಗಿನ ಹಿಡಿ ತೆಗೆದುಬಿಟ್ಟು ಬಟ್ಟಲನ್ನು ಮೇಜಿನ ಮೇಲೆ ನಿಲ್ಲಿಸಿದರೆ? ಮೇಲಿನ ಹಿಡಿಯನ್ನು ಅಂಗೈಯಿಂದ ಕೆಳಕ್ಕೆ ಒತ್ತುವುದು. ಬೆರಳು ಮಡಚುವುದೇ ಬೇಡ. ಮೈಭಾರ ಹಾಕಿದರೆ ಸಾಕು.

ಲೇತ್‌ಮನೆ

ಒಳ್ಳೆಯ ಯೋಚನೆ. ಕೀಲು, ಪಿನ್ನು ಎಲ್ಲ ಅದೇ. ಎರಕ ಬೇಡ, ದಪ್ಪ ತಗಡಿನಲ್ಲೇ ಆಗುತ್ತದೆ.

ಭೌತಶಾಸ್ತ್ರದಮೇಷ್ಟ್ರು

ಯೋಚನೆ ಸರಿ, ಆದರೆ ಕಾಲಿನ ಉದ್ದ ನೋಡಿಕೊಳ್ಳಿ. ಕೈ ಒತ್ತುವ ಜಾಗ ಬಟ್ಟಲಿನಿಂದ ಆಚೆ ಇದೆ. ಹಿಡಿಯನ್ನು ಒತ್ತಿದಾಗ ಕೀಲು ಮೇಲಕ್ಕೆ ಎಳೆಯಲ್ಪಡುತ್ತದೆ. ಕಾಲು ಬಟ್ಟಲಿನ ಕೆಳಗೆ ಮಾತ್ರ ಇದ್ದರೆ ಇಡೀ ಸಾಧನ ಮುಂದಕ್ಕೆ ಮಗುಚುತ್ತದೆ. ಕೈಯ ಕೆಳಗಿನವರೆಗೂ ಕಾಲು ಚಾಚಿರಬೇಕು. ಅಷ್ಟು ಮಾಡಿದರೆ ಮಗುಚುವುದಿಲ್ಲ. ಮುಷ್ಟಿಯ ಅಂತರದ ಚಿಂತೆ ಇಲ್ಲದ್ದರಿಂದ ಬಲವನ್ನು 6 ಪಟ್ಟಿಗೆ ಏರಿಸಬಹುದು. ಕೀಲಿನಿಂದ ಕೈಗೆ 21 ಸೆಂ.ಮೀ. ಇಡಿ.

ಅಡುಗೆಮನೆಕಿಟಕಿ

ಎತ್ತರವನ್ನೂ ನೋಡಿ. ಹಿಡಿ ತೆರೆದಾಗ ಮೊಣಕೈಗಿಂತ ಮೇಲೆ ಹೋದರೆ ಮೈಭಾರ ಬೀಳುವುದಿಲ್ಲ, ಭುಜ ನೋಯುತ್ತದೆ. ಕೆಳಗೆ ಎತ್ತರದ ಲೋಟ ಬೇಡ, ಆಳ ಕಡಿಮೆ ಇರುವ ಅಗಲದ ಬಟ್ಟಲು ಇಡಿ. ಅಮ್ಮ ನಿಂತು ಕೆಲಸ ಮಾಡುವ ಮೇಜಿನ ಹತ್ತಿರವೇ ಅಳತೆ ತೆಗೆದುಕೊಳ್ಳಿ.

ಮರದಶಂಕು

ಇದೆಲ್ಲ ಮಾಡಿದ ಮೇಲೆ ಅದನ್ನು ಸರಳ ಅಂತ ಕರೆಯಲು ಆಗುತ್ತದೆಯೇ? ಡ್ರಾಯರ್‌ನಲ್ಲಿ ಹಿಡಿಸುವುದಿಲ್ಲ, ತೊಳೆಯಲು ಜಾಸ್ತಿ ಮೂಲೆ.

ರೇಖಾಚಿತ್ರ

ಮರದಶಂಕು ಅವರೇ, ಭಾಗಗಳು ಎರಡೇ, ಜೊತೆಗೆ ಒಂದು ಪಿನ್ನು. ಅಮ್ಮನಿಗೆ ನೋವಿಲ್ಲದೆ ಆಗುವುದಾದರೆ ಅದು ಮೇಜಿನ ಮೇಲೇ ಇರಲಿ. ತೊಳೆಯುವ ಮಾತು ಮಾತ್ರ ನಿಜ. ಕೀಲಿನ ಸಂದಿಯಲ್ಲಿ ತಿರುಳು ಒಣಗಿ ಕೂರುತ್ತದೆ. ಪಿನ್ನು ಬಿಚ್ಚುವ ಹಾಗೆ ಮಾಡಬಹುದೇ?

ಲೇತ್‌ಮನೆ

ಮಾಡಬಹುದು. ರಿವೆಟ್ ಹೊಡೆಯಬೇಡಿ. ಒಂದು ತುದಿಗೆ ತಲೆ, ಇನ್ನೊಂದು ತುದಿಗೆ ಬೆರಳಿಗೆ ಸಿಗುವ ಉಂಗುರ ಇರುವ ಪಿನ್ನು ಹಾಕಿ. ಉಂಗುರ ಅಮ್ಮನ ಬೆರಳು ಸಲೀಸಾಗಿ ತೂರುವಷ್ಟು ದೊಡ್ಡದಿರಲಿ, ಚಿಟಿಕೆಯಲ್ಲಿ ಹಿಡಿದು ಎಳೆಯುವಂಥದ್ದು ಬೇಡ. ನಕ್ಷೆ ಆದ ಮೇಲೆ ಇಲ್ಲೇ ಹಾಕಿ, ಕತ್ತಿನ ದಪ್ಪ ನಾನು ನೋಡಿ ಹೇಳುತ್ತೇನೆ.

ಎಡಗೈ

ಉಂಗುರ ಯಾವ ಕಡೆ ಬರುತ್ತದೆ?

ಲೇತ್‌ಮನೆ

ಪಿನ್ನು ಎರಡೂ ಕಡೆಯಿಂದ ಹೋಗುತ್ತದೆ. ನಿಮಗೆ ಬೇಕಾದ ಕಡೆ ಹಾಕಿಕೊಳ್ಳಿ.